ಬಟನ್ ಫೋನ್ ಹಿಡಿದು 14 ತಿಂಗಳು

ಒಂದೇ ದಿನದಲ್ಲಿ 137 ಸಲ. ಸ್ಮಾರ್ಟ್‌ಫೋನಿನ ಸೆಟ್ಟಿಂಗ್ಸ್ ಒಳಗೆ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಒಂದು ಪುಟ ಇದೆ. ದಿನಕ್ಕೆ ಎಷ್ಟು ಸಲ ಫೋನ್ ಅನ್‌ಲಾಕ್ ಮಾಡಿದೆವು ಅಂತ ಅದು ಲೆಕ್ಕ ಇಡುತ್ತದೆ. ಏನೋ ತಪ್ಪಾಗಿ ಎಣಿಸಿದೆ ಅಂದುಕೊಂಡೆ. ಮರುದಿನ 129. ಅಷ್ಟು ಸಲ ಫೋನ್ ತೆಗೆಯುವಂಥ ಕೆಲಸ ನನಗೆ ಇರಲೇ ಇಲ್ಲ. ಟೈಮ್ ನೋಡೋಣ ಅಂತ ತೆಗೆಯುತ್ತಿದ್ದೆ, ಹತ್ತು ನಿಮಿಷ ಏನೇನೋ ನೋಡುತ್ತಿದ್ದೆ, ಜೇಬಿಗೆ ಹಾಕಿದ ಮೇಲೆ ಯಾರಾದರೂ ಗಂಟೆ ಎಷ್ಟು ಅಂತ ಕೇಳಿದರೆ ಮತ್ತೆ ತೆಗೆಯಬೇಕಿತ್ತು.

ಬಿಡಿಸಿಕೊಳ್ಳಲು ಮಾಡದ ಸರ್ಕಸ್ ಇಲ್ಲ. ಪರದೆಯನ್ನು ಕಪ್ಪು ಬಿಳುಪು ಮಾಡಿದೆ. ಆ್ಯಪ್‌ಗಳನ್ನು ತೆಗೆದೆ, ಬ್ರೌಸರ್‌ನಲ್ಲಿ ಹೋಗಿ ಅವನ್ನೇ ನೋಡಿದೆ. ಆ್ಯಪ್‌ಗೆ ದಿನಕ್ಕೆ ಇಷ್ಟು ನಿಮಿಷ ಅಂತ ಮಿತಿ ಹಾಕುವ ಸೌಲಭ್ಯ 2018ರಿಂದ ಆಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ ಇದೆ. ಅದನ್ನೂ ಹಾಕಿದೆ. ತೆಗೆಯಲು ನಾಲ್ಕು ಸೆಕೆಂಡು ಸಾಕು. ಬೀಗ ಹಾಕಿದವನೂ ನಾನೇ, ಬೀಗದ ಕೈ ಇರುವುದೂ ನನ್ನ ಹತ್ತಿರವೇ. ಹೀಗಿದ್ದರೆ ಬೀಗ ಯಾಕೆ?

ತಪ್ಪೆಲ್ಲ ನನ್ನದೇ ಅಂತಲೂ ಹೇಳಲಾರೆ. ಬೆರಳು ಎಳೆದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ರೂಪಿಸಿದ. ಆಮೇಲೆ ಅವನೇ ಅದಕ್ಕೆ ಪಶ್ಚಾತ್ತಾಪಪಟ್ಟ. ಪೇಪರ್ ಓದುವಾಗ ಕೊನೆ ಪುಟ ಬರುತ್ತದೆ, ಮಡಚಿ ಇಡುತ್ತೇವೆ. ಇಲ್ಲಿ ಮಡಚುವ ಜಾಗವೇ ಇಲ್ಲ. ಇನ್ನು ಪರದೆಯನ್ನು ಕೆಳಗೆಳೆದು ಬಿಟ್ಟರೆ ಹೊಸದೇನಾದರೂ ಬರಬಹುದು, ಬರದೆಯೂ ಇರಬಹುದು. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ಕಂಡದ್ದೂ ಇದನ್ನೇ. ಕಾಳು ಯಾವಾಗ ಬೀಳುತ್ತದೆ ಅಂತ ಗೊತ್ತಿಲ್ಲದಿದ್ದಾಗಲೇ ಹಕ್ಕಿ ಬಿಡದೆ ಕುಟ್ಟುತ್ತದೆ. 137 ಸಲ ಕುಟ್ಟಿದ ಹಕ್ಕಿ ನಾನು.

ಕೊನೆಗೆ ಸ್ಮಾರ್ಟ್‌ಫೋನ್ ಬದಿಗಿಟ್ಟು ಬಟನ್ ಫೋನ್ ಕೊಂಡೆ. ಸರಿ, ಆ ಸೆಟ್ ವಿಷಯಕ್ಕೆ ಬರೋಣ. ಹೆಸರು ಬೇಡ, ಇದೇ ಜಾತಿಯ ಸೆಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ. 2.4 ಇಂಚಿನ ಪರದೆ, ಎರಡು ಸಿಮ್, ಟಾರ್ಚ್, ಎಫ್‌ಎಂ ರೇಡಿಯೊ, 32 ಜಿಬಿವರೆಗಿನ ಮೆಮೊರಿ ಕಾರ್ಡ್, ಹಿಂದಿನ ಮುಚ್ಚಳ ತೆಗೆದು ಬದಲಿಸಬಹುದಾದ ಬ್ಯಾಟರಿ. ಕ್ಯಾಮೆರಾ ಇದೆ, ಹೆಸರಿಗೆ. ಕಾಗದದ ಹಾಗೆ ಕಾಣುವ ಇ-ಇಂಕ್ ಪರದೆಯ ಲೈಟ್ ಫೋನ್ 2 ಥರದ ಸರಳ ಫೋನನ್ನೂ ನೋಡಿದ್ದೆ. ಚೆಂದವಾಗಿದೆ. ಆದರೆ ಸರಳತೆಗೆ ಅಷ್ಟೊಂದು ದುಡ್ಡು ಕೊಡುವುದು ನನಗೆ ತಮಾಷೆಯಾಗಿ ಕಂಡಿತು.

ಕೊಳ್ಳುವ ಮೊದಲು ಒಂದು ವಿಷಯ ಮಾತ್ರ ಖಾತ್ರಿ ಮಾಡಿಕೊಳ್ಳಿ. ಸೆಟ್‌ನಲ್ಲಿ 4ಜಿ ಇದ್ದು, 4ಜಿ ಮೇಲೆಯೇ ಕರೆ ಹೋಗುವ ವೋಲ್ಟೆ ಸೌಲಭ್ಯ ಇರಬೇಕು, ಮತ್ತು ಅದು ನಿಮ್ಮ ಸಿಮ್ ಕಂಪನಿಗೆ ಹೊಂದಬೇಕು. ಎಷ್ಟೋ ದೇಶಗಳಲ್ಲಿ 3ಜಿ ನಿಂತಿದೆ, ಕೆಲವು ಕಡೆ 2ಜಿಯೂ ಇಲ್ಲ. 2000ದಲ್ಲಿ ಬಂದ ನೋಕಿಯಾ 3310 ಡ್ರಾಯರ್‌ನಲ್ಲಿ ಇನ್ನೂ ಗಟ್ಟಿಮುಟ್ಟಾಗಿ ಕೂತಿರಬಹುದು. ಸಿಗ್ನಲ್ ಬರದಿದ್ದರೆ ಅದು ಬರೀ ಪೇಪರ್‌ವೇಟ್.

ನಂಬರ್‌ಗಳನ್ನು ವರ್ಗಾಯಿಸುವ ಕೆಲಸ ಅರ್ಧ ದಿನ ತಿಂದಿತು. ಸ್ಮಾರ್ಟ್‌ಫೋನ್‌ನಲ್ಲಿ ಎಲ್ಲ ಹೆಸರುಗಳನ್ನು ಒಂದು ವಿಸಿಎಫ್ ಫೈಲ್ ಮಾಡಿ ಬ್ಲೂಟೂತ್‌ನಲ್ಲಿ ಕಳಿಸಿದರೆ ಮುಗಿಯಿತು. ಆದರೆ ನಾನು ಹಾಗೆ ಮಾಡಲಿಲ್ಲ. 611 ಹೆಸರುಗಳಿದ್ದವು. ಒಂದೊಂದೇ ನೋಡುತ್ತಾ ಬೇಕಾದವನ್ನು ಮಾತ್ರ ಕೈಯಾರೆ ತುಂಬಿದೆ. 143 ಉಳಿದವು. ‘ಪ್ಲಂಬರ್ 2’ ಅಂತ ಒಂದಿತ್ತು. ಅದರ ಕೆಳಗೆ ‘ಪ್ಲಂಬರ್ 2 ಬೇಡ’ ಅಂತ ಇನ್ನೊಂದು. ಯಾವುದು ಸರಿ ಅಂತ ಗೊತ್ತಾಗದೆ ಇಬ್ಬರನ್ನೂ ಬಿಟ್ಟೆ.

ಮೊದಲ ಎರಡು ವಾರ ನಾಚಿಕೆಯಾಗುವಂತಿತ್ತು. ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು. ಫೋನ್ ತೆಗೆದರೆ ಅಲ್ಲೇನಿದೆ? ಮೆನು. ಒಳಗೆ ಹೋಗುತ್ತಿದ್ದೆ, ಹೊರಗೆ ಬರುತ್ತಿದ್ದೆ. ರಿಂಗ್‌ಟೋನ್ ಒಂಬತ್ತು ಸಲ ಬದಲಿಸಿದೆ. ಲಿಫ್ಟ್‌ನಲ್ಲಿ ನಿಂತು ಹಳೆಯ ಎಸ್ಸೆಮ್ಮೆಸ್‌ಗಳನ್ನು ಮತ್ತೆ ಓದಿದೆ. ಬಡಿದುಕೊಳ್ಳದ ಫೋನ್ ತೊಡೆಯ ಹತ್ತಿರ ಬಡಿದುಕೊಂಡಂತೆ ಆಗುತ್ತಿತ್ತು. ಒಂದು ಸಲವಂತೂ ಫೋನ್ ಜೇಬಿನಲ್ಲಿ ಇರಲೇ ಇಲ್ಲ. ಆದರೂ ತೊಡೆ ಗುಂಯ್ ಅಂದಿತು. ಮೂರನೇ ವಾರದ ಹೊತ್ತಿಗೆ ಇದು ಕಡಿಮೆಯಾಯಿತು. ಅದರ ಜಾಗಕ್ಕೆ ಬಂದದ್ದು ಬೇಜಾರು. ಶುದ್ಧ, ಹಳೇ ಕಾಲದ ಬೇಜಾರು. ಕ್ಯೂನಲ್ಲಿ ನಿಂತಾಗ ಮುಂದಿನವರ ಚೀಲದ ಮೇಲೆ ಏನು ಬರೆದಿದೆ ಅಂತ ಓದುವ ಬೇಜಾರು. ಅದನ್ನು ಮರೆತೇಬಿಟ್ಟಿದ್ದೆ.

ಇಲ್ಲಿಗೆ ಗೆದ್ದೆ ಅಂದುಕೊಂಡೆ. ಇಲ್ಲ. ಎರಡನೇ ತಿಂಗಳಲ್ಲಿ ನೋಡಿದರೆ ಲ್ಯಾಪ್‌ಟಾಪ್ ಮುಂದೆ ರಾತ್ರಿ ಹನ್ನೊಂದೂವರೆವರೆಗೆ ಕೂತಿರುತ್ತಿದ್ದೆ. ಅದೇ ಸೈಟುಗಳು, ಅದೇ ಎಳೆದಾಟ. ಚಟ ಬಿಟ್ಟಿರಲಿಲ್ಲ, ಮನೆ ಬದಲಿಸಿತ್ತು. ಪಾಸ್‌ವರ್ಡ್‌ಗಳನ್ನು ಬ್ರೌಸರ್‌ನಿಂದ ಅಳಿಸಿ, ಒಂದು ಪುಸ್ತಕದಲ್ಲಿ ಬರೆದು ಕಪಾಟಿನ ಮೇಲಿನ ಖಾನೆಯಲ್ಲಿ ಇಟ್ಟೆ. ಸ್ಟೂಲ್ ಹಾಕಿ ಹತ್ತಬೇಕು. ನನ್ನ ಸೋಮಾರಿತನ ನನ್ನ ಚಟಕ್ಕಿಂತ ದೊಡ್ಡದು ಅಂತ ಆಗ ಗೊತ್ತಾಯಿತು.

ಟೈಪಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಕನ್ನಡ ಬರೆಯುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ‘ಬರ್ತೀನಿ’ ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬಿ, ಎ, ಆರ್, ಟಿ, ಎಚ್, ಐ, ಎನ್, ಐ ಅಂತ ಬರೆಯಲು, ಒಂದೊಂದು ಬಟನ್ ಮೇಲೆ ಮೂರು ನಾಲ್ಕು ಅಕ್ಷರ ಇರುವುದರಿಂದ, 17 ಸಲ ಒತ್ತಬೇಕು. ಅದರಲ್ಲೂ ಬಿ ಮತ್ತು ಎ ಒಂದೇ ಬಟನ್ ಮೇಲಿವೆ, ಹಾಗಾಗಿ ನಡುವೆ ಒಂದು ಕ್ಷಣ ಕಾಯಬೇಕು. ಒತ್ತಿದ ಬಟನ್‌ಗಳಿಂದ ಪದ ಊಹಿಸುವ ಟಿ9 ಇದೆಯಲ್ಲ ಅನ್ನಬಹುದು. ಅದಕ್ಕೆ ಇಂಗ್ಲಿಷ್ ಪದಗಳು ಗೊತ್ತು, ನಮ್ಮ ಬರ್ತೀನಿ ಹೋಗ್ತೀನಿ ಗೊತ್ತಿಲ್ಲ. ಎರಡು ದಿನಕ್ಕೇ ಆಫ್ ಮಾಡಿದೆ. ಕನ್ನಡ ಲಿಪಿಯಲ್ಲೇ ಬರೆಯೋಣ ಅಂದರೆ ಅಳತೆಯೇ ಬೇರೆ. ಇಂಗ್ಲಿಷ್ ಎಸ್ಸೆಮ್ಮೆಸ್‌ಗೆ 160 ಅಕ್ಷರ ಸಿಕ್ಕರೆ ಕನ್ನಡಕ್ಕೆ 70 ಮಾತ್ರ. ಅದೂ ನಾವು ಎಣಿಸುವ ಅಕ್ಷರವಲ್ಲ. ‘ಸ್ತ್ರೀ’ ಅಂತ ಬರೆದರೆ ನಮಗೆ ಒಂದು ಅಕ್ಷರ, ಫೋನಿಗೆ ಆರು: ಸ, ಒಂದು ಹಲಂತ (ಸ್ವರ ತೆಗೆಯುವ ಚಿಹ್ನೆ), ತ, ಇನ್ನೊಂದು ಹಲಂತ, ರ, ಕೊನೆಗೆ ದೀರ್ಘ. ಒತ್ತಕ್ಷರ ಜಾಸ್ತಿ ಇರುವ ಎರಡು ವಾಕ್ಯ ಬರೆದರೆ ಮೆಸೇಜ್ ತುಂಡಾಗಿ, ತುಂಡು ತುಂಡಿಗೂ ಬೇರೆ ಲೆಕ್ಕ ಆಗುತ್ತದೆ. ಇಂಗ್ಲಿಷ್ ಮೆಸೇಜ್ ನಡುವೆ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಮೆಸೇಜ್ 70ರ ಲೆಕ್ಕಕ್ಕೆ ಇಳಿಯುತ್ತದೆ. ಪರಿಣಾಮ ಏನೆಂದರೆ, ನಾನು ಬರೆಯುವುದನ್ನೇ ಕಡಿಮೆ ಮಾಡಿದೆ. ‘ಸರಿ’, ‘ಆಯ್ತು’, ‘ಬಂದೆ’. ಇದನ್ನು ನೋಡಿ ಒಬ್ಬ ಗೆಳೆಯ, ನನ್ನ ಮೇಲೆ ಕೋಪ ಮಾಡಿಕೊಂಡಿದ್ದೀಯಾ ಅಂತ ಕೇಳಿದ.

ಈಗ ನಿಜವಾದ ದೂರು. ಅದು ಸೆಟ್ ಮೇಲಲ್ಲ, ನನ್ನ ಮೇಲೆ.

ಸ್ಮಾರ್ಟ್‌ಫೋನ್ ಬಿಟ್ಟವನ ಕೆಲಸಗಳು ಮಾಯವಾಗುವುದಿಲ್ಲ. ಅವು ಪಕ್ಕದವರ ಫೋನಿಗೆ ಹೋಗುತ್ತವೆ. ದಾರಿ ನೋಡಬೇಕೇ? ಹೆಂಡತಿಯ ಫೋನ್. ಟಿಕೆಟ್ ತೋರಿಸಬೇಕೇ? ಹೆಂಡತಿಯ ಫೋನ್. ಮಗಳ ಶಾಲೆಯ ಸೂಚನೆ, ಮನೆಯವರ ಗುಂಪಿನ ಸುದ್ದಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡದೆ ಒಳಗೆ ಬಿಡದ ಜಾಗ, ಎಲ್ಲಕ್ಕೂ ಅವಳೇ. ನನಗೆ ಮನಸ್ಸು ಹಗುರವಾಗಿದೆ ಅಂತ ಊರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದೆ. ಒಂದು ಸಂಜೆ ಅವಳು ಚಾರ್ಜರ್ ಹುಡುಕುತ್ತಾ, “ನಿಮ್ಮ ನೆಮ್ಮದಿಗೆ ನನ್ನ ಬ್ಯಾಟರಿ ಖಾಲಿ ಆಗ್ತಿದೆ ರೀ” ಅಂದಳು. ನಗುತ್ತಲೇ ಅಂದಳು, ಆದರೆ ನಾನು ನಗಲಿಲ್ಲ.

ಅದರ ಮುಂದಿನ ತಿಂಗಳೇ ಮನೆಯ ಒಂದು ಸಮಾರಂಭದ ಹೊತ್ತು ಬದಲಾಯಿತು. ಗುಂಪಿನಲ್ಲಿ ಹಾಕಿದ್ದರು. ನಾನು ಒಂದೂವರೆ ಗಂಟೆ ತಡವಾಗಿ ಹೋದೆ. “ನಿನಗೊಬ್ಬನಿಗೆ ಬೇರೆ ಹೇಳ್ಬೇಕೇನೋ?” ಅಂತ ಅಕ್ಕ ಎಲ್ಲರ ಮುಂದೆಯೇ ಕೇಳಿದಳು. ಹೇಳಬೇಕು ಅನ್ನುವುದು ನನ್ನ ಉತ್ತರವಾಗಿತ್ತು. ಹೇಳುವ ಧೈರ್ಯ ಬರಲಿಲ್ಲ.

ಹೀಗಾಗಿ ಸ್ಮಾರ್ಟ್‌ಫೋನ್ ವಾಪಸ್ ಬಂತು. ಆದರೆ ಜೇಬಿಗಲ್ಲ. ಸಿಮ್ ಬಟನ್ ಸೆಟ್‌ನಲ್ಲೇ ಇದೆ. ಸಿಮ್ ಇಲ್ಲದ ಸ್ಮಾರ್ಟ್‌ಫೋನ್ ಗೋಡೆಯ ಪಕ್ಕದ ಚಿಕ್ಕ ಮೇಜಿನ ಮೇಲೆ, ಚಾರ್ಜರ್‌ಗೆ ಸಿಕ್ಕಿಸಿಕೊಂಡು, ವೈಫೈ ಮೇಲೆ ಬದುಕುತ್ತದೆ. ಬೇಕೆಂದೇ ಗಿಡ್ಡ ಕೇಬಲ್ ಹಾಕಿದ್ದೇನೆ. ಅಲ್ಲಿ ಕುರ್ಚಿ ಇಲ್ಲ, ನಿಂತೇ ನೋಡಬೇಕು. ಹಿಂದೆ ಲ್ಯಾಂಡ್‌ಲೈನ್ ಇದ್ದ ಹಾಗೆ. ವಾಟ್ಸಾಪ್ ಅದರಲ್ಲೇ ನಡೆಯುತ್ತದೆ. ನೋಂದಣಿಯ ಕೋಡ್ ಬಟನ್ ಫೋನಿಗೆ ಎಸ್ಸೆಮ್ಮೆಸ್ ಆಗಿ ಬರುತ್ತದೆ, ಮೇಜಿನ ಫೋನ್‌ನಲ್ಲಿ ಒತ್ತಿದರೆ ಆಯಿತು. ಲ್ಯಾಪ್‌ಟಾಪ್‌ಗೆ ಜೋಡಿಸಿಕೊಂಡರೆ ಒಂದು ನೆನಪಿರಲಿ: ಮುಖ್ಯ ಫೋನನ್ನು 14 ದಿನಕ್ಕಿಂತ ಹೆಚ್ಚು ತೆರೆಯದಿದ್ದರೆ ಜೋಡಣೆ ಕಳಚಿಕೊಳ್ಳುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡುತ್ತೇನೆ. ಮೊನ್ನೆ ಲೆಕ್ಕ ನೋಡಿದಾಗ ದಿನಕ್ಕೆ 38 ನಿಮಿಷ ಇತ್ತು. ಕಾಲು ನೋಯುತ್ತದಲ್ಲ, ಅದಕ್ಕೇ ಇರಬೇಕು.

ನನ್ನ ಪಾಲಿನ ಕೆಲಸಗಳನ್ನು ಈಗ ನಾನೇ ಮಾಡುತ್ತೇನೆ, ಮೊದಲೇ ಯೋಚಿಸಿ. ಹೊರಡುವ ಮುನ್ನ ನಕ್ಷೆ ನೋಡಿ ತಿರುವುಗಳನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಟಿಕೆಟ್ ಪ್ರಿಂಟ್ ತೆಗೆಯುತ್ತೇನೆ. ಚೀಟಿ ಮರೆತ ದಿನ ದಾರಿಯಲ್ಲಿ ಜನರನ್ನು ಕೇಳುತ್ತೇನೆ. ಅವರು ತಮ್ಮ ಫೋನ್ ತೆಗೆದು ನೋಡಿ ಹೇಳುತ್ತಾರೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನಿ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬ್ಯಾಟರಿ ಹೊಸದರಲ್ಲಿ ಐದು ದಿನ, ಈಗ ಮೂರೂವರೆ. ಕರೆಯ ದನಿ ಸ್ಮಾರ್ಟ್‌ಫೋನ್‌ಗಿಂತ ಜೋರು. ಅಲಾರಂ ಫೋನ್ ಆಫ್ ಆಗಿದ್ದರೂ ಹೊಡೆಯುತ್ತದೆ. ರೇಡಿಯೊಗೆ ಇಯರ್‌ಫೋನ್ ವೈರ್ ಸಿಕ್ಕಿಸಲೇಬೇಕು, ಅದೇ ಆಂಟೆನಾ. ಕೈಯಿಂದ ಆರೇಳು ಸಲ ಬಿದ್ದಿದೆ. ಬ್ಯಾಟರಿ ಒಂದು ಕಡೆ, ಮುಚ್ಚಳ ಒಂದು ಕಡೆ. ಎತ್ತಿ ಜೋಡಿಸಿದರೆ ಮತ್ತೆ ಶುರು.

ಕೆಟ್ಟದ್ದು: ಇನ್‌ಬಾಕ್ಸ್ ತುಂಬಿದರೆ ಹೊಸ ಮೆಸೇಜ್ ಬರುವುದಿಲ್ಲ. ಮೇಲ್ಗಡೆ ಒಂದು ಚಿಕ್ಕ ಲಕೋಟೆ ಮಿಟುಕುತ್ತದೆ ಅಷ್ಟೇ. ಅದು ಗೊತ್ತಿಲ್ಲದೆ ಎರಡು ಸಲ ಬ್ಯಾಂಕಿನ ಒಟಿಪಿಗೆ ಕಾದು ಕೂತಿದ್ದೆ. ಜಾಹೀರಾತಿನ ಮೆಸೇಜ್‌ಗಳನ್ನು ವಾರಕ್ಕೊಮ್ಮೆ ಅಳಿಸಬೇಕು. ಇನ್ನೊಂದು, ಸರಳ ಫೋನ್ ಅಂದರೆ ಸುರಕ್ಷಿತ ಫೋನ್ ಅಲ್ಲ. ಎಸ್ಸೆಮ್ಮೆಸ್‌ಗೆ ವಾಟ್ಸಾಪ್‌ನಲ್ಲಿರುವಂಥ ಗೂಢಲಿಪಿಯ ರಕ್ಷಣೆ ಇಲ್ಲ. ಸೆಟ್ ಕಳೆದರೆ ಸಿಕ್ಕವರು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ನಿಮ್ಮ ಒಟಿಪಿ ಓದಬಹುದು. ಸಿಮ್‌ಗೆ ಪಿನ್ ಹಾಕಿಡಿ. ಮೂರು ಸಲ ತಪ್ಪಾದರೆ ಸಿಮ್ ಮುಚ್ಚಿಕೊಳ್ಳುತ್ತದೆ, ತೆರೆಯಲು ಕಂಪನಿಯ ಪಿಯುಕೆ ಸಂಖ್ಯೆ ಬೇಕಾಗುತ್ತದೆ. ಅದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಆಫೀಸಿನ ಲಾಗಿನ್‌ಗೆ 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡ್ ತೋರಿಸುವ ಆ್ಯಪ್ ಬೇಕಾದವರು, ಸಕ್ಕರೆ ಪ್ರಮಾಣ ನೋಡುವ ಸೆನ್ಸರ್ ಫೋನಿಗೆ ಜೋಡಿಸಿಕೊಂಡವರು ಇದನ್ನು ಏಕೈಕ ಫೋನ್ ಮಾಡಿಕೊಳ್ಳಬೇಡಿ. ಬಟನ್ ಫೋನ್‌ಗೆಂದೇ ಮಾಡಿದ ಕೈಓಎಸ್ ಎಂಬ ಆಪರೇಟಿಂಗ್ ಸಿಸ್ಟಂ ಇರುವ ಸೆಟ್ ತಗೊಂಡರೆ ವಾಟ್ಸಾಪ್ ಸಿಗುತ್ತದೆ ಅನ್ನುವ ಹಳೆಯ ಸಲಹೆಯನ್ನೂ ನಂಬಬೇಡಿ. 2018ರಲ್ಲಿ ಬಂದಿತ್ತು, ಈಗ ನಿಂತುಹೋಗಿದೆ.

ಲಾಭ ಏನು ಅಂತ ಎಲ್ಲರೂ ಕೇಳುತ್ತಾರೆ. ರಾಶಿ ರಾಶಿ ಪುಸ್ತಕ ಓದಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ನಾಲ್ಕು ಓದಿದೆ, ಒಂದು ಅರ್ಧಕ್ಕೇ ನಿಂತಿದೆ. ಮಗಳು ಮಾತ್ರ ಒಂದು ದಿನ ಊಟಕ್ಕೆ ಕೂತಾಗ, “ಅಪ್ಪ, ನೀನೀಗ ಸುಮ್ನೆ ಹೂಂ ಹೂಂ ಅನ್ನೋದು ಬಿಟ್ಟಿದ್ದೀಯ” ಅಂದಳು. ಈಗ ಎದುರು ಪ್ರಶ್ನೆ ಕೇಳುತ್ತೇನಂತೆ. ಅದು ಅವಳಿಗೆ ಪೂರ್ತಿ ಇಷ್ಟವಾದ ಹಾಗೆ ಕಾಣಲಿಲ್ಲ.

ಸೆಟ್‌ಗೆ ಐದರಲ್ಲಿ ಮೂರು ಕೊಡುತ್ತೇನೆ, ಗಿಡ್ಡ ಕೇಬಲ್‌ಗೆ ಐದಕ್ಕೆ ಐದು. ಮೂರಾಗಲು ಕಾರಣ ಒಂಬತ್ತನೇ ತಿಂಗಳಲ್ಲಿ ಕೈಕೊಟ್ಟ 5ರ ಬಟನ್. ಗಟ್ಟಿಯಾಗಿ ಎರಡು ಮೂರು ಸಲ ಒತ್ತಿದರೆ ಒಮ್ಮೆ ಹಿಡಿಯುತ್ತದೆ. ರಿಪೇರಿಗೆ ಕೊಟ್ಟರೆ, ಕೀಪ್ಯಾಡ್ ಪೂರ್ತಿ ಬದಲಿಸಬೇಕು, ಬಿಡಿಭಾಗ ಸಿಗಲ್ಲ ಅಂದರು. ಜೆ, ಕೆ, ಎಲ್ ಮೂರೂ ಆ ಬಟನ್ ಮೇಲೇ ಇವೆ. ಅಕ್ಕನಿಗೆ ಮೆಸೇಜ್ ಬರೆಯಲು ಹೊರಟರೆ ‘ಅಕ್ಕ’ ಅನ್ನುವುದಕ್ಕೇ ಎರಡು ಕೆ ಬೇಕು. ಅವಳ ನಂಬರ್ ಸ್ಪೀಡ್ ಡಯಲ್‌ನಲ್ಲಿ 2ಕ್ಕೆ ಹಾಕಿದ್ದೇನೆ. ಒತ್ತಿ ಹಿಡಿದು ಫೋನೇ ಮಾಡಿಬಿಡುತ್ತೇನೆ.