ನಾಯಿಯ ತುರಿಕೆಗೆ ಜೊಲ್ಲು-ಕೂದಲಿನ ಅಲರ್ಜಿ ಕಿಟ್: ಕೊಳ್ಳಬೇಕೇ?

ಇಂಥ ಕಿಟ್‌ನ ಪೆಟ್ಟಿಗೆ ಬಿಚ್ಚಿದರೆ ಸಾಮಾನ್ಯವಾಗಿ ಸಿಗುವುದು ಹತ್ತಿ ಸುತ್ತಿದ ಕಡ್ಡಿ, ಕೂದಲಿಗೊಂದು ಪುಟ್ಟ ಚೀಲ, ಒಂದು ಲಕೋಟೆ. ನಾಯಿಯ ಕೆನ್ನೆಯೊಳಗೆ ಕಡ್ಡಿ ಆಡಿಸಿ, ಚಿಟಿಕೆ ಕೂದಲು ಸೇರಿಸಿ ಕಳಿಸಿದರೆ, ಯಾವುದಕ್ಕೆ ಎಷ್ಟು ಅಲರ್ಜಿ ಎಂದು ಬಣ್ಣದಲ್ಲಿ ತೋರಿಸುವ ವರದಿ ಬರುತ್ತದೆ: ಕೋಳಿ ಕೆಂಪು, ಗೋಧಿ ಹಳದಿ, ಹುಲ್ಲು ಹಸಿರು, ಹೀಗೆ ಪುಟಗಟ್ಟಲೆ. ನೋಡಲು ಚೆಂದ, ಓದಲು ಸಲೀಸು. ನಂಬಲು ಮಾತ್ರ ಆಧಾರವಿಲ್ಲ.

2019ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಅಲರ್ಜಿ ಇದ್ದ ನಾಯಿಗಳ, ಆರೋಗ್ಯವಂತ ನಾಯಿಗಳ ಮಾದರಿಗಳ ಜೊತೆ ಕೃತಕ ತುಪ್ಪಳವನ್ನೂ ಉಪ್ಪುನೀರನ್ನೂ ಕಳಿಸಲಾಗಿತ್ತು. ತುಪ್ಪಳಕ್ಕೂ ಅಲರ್ಜಿ ಇದೆಯೆಂದು ವರದಿ ಬಂತು! ಒಂದೇ ನಾಯಿಯ ಮಾದರಿಯನ್ನು ಮತ್ತೆ ಕಳಿಸಿದಾಗ ಫಲಿತಾಂಶಗಳು ನಾಣ್ಯ ಚಿಮ್ಮಿದಷ್ಟೇ ಹೊಂದಿಕೆಯಾದವು. ವರದಿ ನೋಡಿ ಊಟ ಬದಲಿಸುತ್ತ ಕೂತರೆ, ಚಿಗಟವೋ ಕಜ್ಜಿಯೋ ಅಷ್ಟು ಕಾಲ ಆರಾಮಾಗಿ ಬೆಳೆಯುತ್ತದೆ.

ಕಿಟ್‌ಗಿಂತ ಬಹಳ ಅಗ್ಗದ, ಬಹಳ ಪ್ರಾಮಾಣಿಕ ಸಾಧನ ಚಿಗಟದ ಬಾಚಣಿಗೆ. ಲೋಹದ ಹಲ್ಲಿನದೇ ಬೇಕು; ಪ್ಲಾಸ್ಟಿಕ್ ಹಲ್ಲು ಬಾಗಿ, ಸಂದಿಯಲ್ಲಿ ಚಿಗಟ ನುಸುಳಿಬಿಡುತ್ತದೆ. ಸ್ನಾನ ಮಾಡಿಸುವ ಮುಂಚೆಯೇ ಬಾಚಬೇಕು, ಇಲ್ಲವಾದರೆ ಸಾಕ್ಷ್ಯವೆಲ್ಲ ನೀರಿನೊಂದಿಗೆ ಹೋಗುತ್ತದೆ. ಬಾಲದ ಬುಡದಿಂದ ಶುರುಮಾಡಿ ಸೊಂಟ, ತೊಡೆ ಸಂದಿ, ಕುತ್ತಿಗೆ ಎಂದು ಚರ್ಮಕ್ಕೆ ತಾಗುವಂತೆ ಐದು-ಹತ್ತು ನಿಮಿಷ ಎಳೆಯಿರಿ. ಬಾಚಣಿಗೆಗೆ ಬಂದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸಿ. ಸುತ್ತ ಕೆಂಪುಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಹರಡದಿದ್ದರೆ ಬರೀ ಮಣ್ಣು.

ಏನೂ ಸಿಗಲಿಲ್ಲವೆಂದು ಚಿಗಟ ಇಲ್ಲವೆನ್ನುವಂತಿಲ್ಲ. ಚಿಗಟದ ಜೊಲ್ಲಿಗೇ ಅಲರ್ಜಿ ಇರುವ ನಾಯಿಗೆ ಕೆಲವೇ ಕಡಿತ ಸಾಕು. ಅದು ಕಚ್ಚಿ ಕಚ್ಚಿ, ನೆಕ್ಕಿ ನೆಕ್ಕಿ ಚಿಗಟವನ್ನು ನುಂಗಿಬಿಡುತ್ತದೆ. ಗುದದ ಸುತ್ತ ಅಕ್ಕಿಕಾಳಿನಂಥ ತುಣುಕು ಕಂಡರೆ ಅದು ಲಾಡಿಹುಳು. ಅದರ ಒಂದು ಸಾಮಾನ್ಯ ಜಾತಿ ನುಂಗಿದ ಚಿಗಟದಿಂದಲೇ ಬರುತ್ತದೆ. ಹಾಗಾಗಿ ತುರಿಕೆ ಬಾಲದ ಬುಡದಲ್ಲೇ ಹೆಚ್ಚಿದ್ದರೆ ಸಾಕ್ಷ್ಯಕ್ಕೆ ಕಾಯದೆ, ಮನೆಯ ಎಲ್ಲ ನಾಯಿ-ಬೆಕ್ಕುಗಳಿಗೂ ವೈದ್ಯರು ಹೇಳಿದ ಔಷಧವನ್ನು ಕನಿಷ್ಠ 3 ತಿಂಗಳು ತಪ್ಪದೆ ಕೊಡುವುದೇ ಸರಿ. ಒಂದೇ ತಿಂಗಳಿಗೆ ನಿಲ್ಲಿಸಿದರೆ ಹಾಸಿಗೆ, ಕಂಬಳಿ, ನೆಲದ ಸಂದಿಯಲ್ಲಿನ ಕೋಶಗಳಿಂದ (ಚಿಗಟದ ಮರಿಹುಳು ಸುತ್ತಿಕೊಂಡ ಗೂಡು) ಹೊಸ ಚಿಗಟ ಹೊರಬರುತ್ತವೆ. ಪರ್ಮೆಥ್ರಿನ್ ಇರುವ ನಾಯಿ ಔಷಧವನ್ನು ಬೆಕ್ಕಿಗೆ ಹಚ್ಚಬೇಡಿ, ಅದು ಪ್ರಾಣಕ್ಕೇ ಕುತ್ತು.

ತುರಿಕೆ ಎಲ್ಲಿದೆ ಎಂಬುದು ಯಾವ ಕಿಟ್‌ಗಿಂತಲೂ ಹೆಚ್ಚು ಹೇಳುತ್ತದೆ. ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಹಿಮ್ಮಡಿಯಲ್ಲಿ ಹಕ್ಕಳೆ ಕಟ್ಟಿದ್ದರೆ, ಚರ್ಮ ಕೊರೆಯುವ ನುಸಿಯಿಂದ ಬರುವ ಕಜ್ಜಿಯ ಗುಮಾನಿ. ಕಿವಿಯ ಅಂಚನ್ನು ಬೆರಳ ನಡುವೆ ಉಜ್ಜಿದಾಗ ಅದೇ ಬದಿಯ ಹಿಂಗಾಲು ತಾನಾಗಿ ಕೆರೆಯಲು ಹೊರಟರೆ ಗುಮಾನಿ ಬಲವಾಗುತ್ತದೆ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಈ ನುಸಿ ಬಹಳ ಸಲ ಕಣ್ತಪ್ಪಿಸುತ್ತದೆ. ಆಗ ಔಷಧ ಕೊಟ್ಟು ನೋಡುವುದೇ ಪರೀಕ್ಷೆ. ಕಾಲ್ಬೆರಳ ಸಂದಿ, ಹೊಟ್ಟೆ, ಕಿವಿಯೊಳಗೆ ಜಿಡ್ಡು, ಹಳಸು ವಾಸನೆ ಇದ್ದರೆ ಯೀಸ್ಟ್ ಎಂಬ ಶಿಲೀಂಧ್ರ. ಪಾರದರ್ಶಕ ಟೇಪ್ ಅಂಟಿಸಿ ತೆಗೆದು ಬಣ್ಣ ಹಾಕಿ ನೋಡಿದರೆ ಪಶುವೈದ್ಯರಿಗೆ ಅಲ್ಲೇ ಗೊತ್ತಾಗುತ್ತದೆ. ಯೀಸ್ಟ್ ಸಾಮಾನ್ಯವಾಗಿ ಮೂಲ ಕಾರಣವಲ್ಲ, ಆದರೆ ಅದನ್ನು ಮೊದಲು ಇಳಿಸದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಇಷ್ಟಾದ ಮೇಲೆ ಊಟದ ಸರದಿ. ನಾಯಿ ಹಿಂದೆಂದೂ ತಿಂದಿರದ ಒಂದೇ ಪ್ರೋಟೀನ್, ಅಥವಾ ಪ್ರೋಟೀನನ್ನು ಚೂರಾಗಿಸಿದ ಹೈಡ್ರೊಲೈಸ್ಡ್ ಆಹಾರ, ಪೂರ್ತಿ 8 ವಾರ. ಊಟದಿಂದಲೇ ತುರಿಕೆ ಬರುವ ನಾಯಿಗಳಲ್ಲಿ 90%ಕ್ಕೂ ಹೆಚ್ಚು ಈ ಅವಧಿಯೊಳಗೆ ಸುಧಾರಿಸುತ್ತವೆ. ಮೂರನೇ ವಾರಕ್ಕೇ ಕೈಬಿಟ್ಟರೆ ಏನೂ ತಿಳಿಯದು. ಈ ಪರೀಕ್ಷೆ ಕೆಡುವುದು ಚಿಲ್ಲರೆ ತಪ್ಪುಗಳಿಂದ: ಮಾಂಸದ ರುಚಿ ಸೇರಿಸಿದ ಹುಳುವಿನ ಮಾತ್ರೆ, ರುಚಿಯ ಟೂತ್‌ಪೇಸ್ಟ್, ಬೆಕ್ಕಿನ ತಟ್ಟೆ, ಮಗುವಿನ ಕೈಯ ಬಿಸ್ಕತ್ತು. ತುರಿಕೆ ಇಳಿದರೂ ಕೆಲಸ ಮುಗಿಯಲಿಲ್ಲ. ಹಳೇ ಊಟ ಮತ್ತೆ ಕೊಟ್ಟು, 14 ದಿನದೊಳಗೆ ತುರಿಕೆ ಮರಳಿದರೆ ಮಾತ್ರ ಊಟವೇ ಕಾರಣವೆಂದು ಖಾತ್ರಿ. ಮರಳದಿದ್ದರೆ ಇಳಿದದ್ದು ಬೇರೆ ಕಾರಣಕ್ಕೆ, ಬಹುಶಃ ಋತು ಬದಲಾದದ್ದಕ್ಕೆ.

ಇದೆಲ್ಲ ದಾಟಿಯೂ ಉಳಿದ ತುರಿಕೆ, ಅದೂ 6 ತಿಂಗಳಿಂದ 3 ವರ್ಷದೊಳಗೆ ಶುರುವಾಗಿ ಮುಂಗಾಲಿನ ಪಾದ, ಕಿವಿ, ಕಂಕುಳು ಕಾಡುವಂಥದ್ದು, ಹೆಚ್ಚಾಗಿ ಧೂಳುನುಸಿ, ಪರಾಗಗಳ ಅಲರ್ಜಿ. ರಕ್ತದ ಅಥವಾ ಚರ್ಮದ ಅಲರ್ಜಿ ಪರೀಕ್ಷೆಯ ಜಾಗ ಇಲ್ಲಿದೆ, ಅದೂ ರೋಗ ಪತ್ತೆಗಲ್ಲ, ಇಮ್ಯುನೊಥೆರಪಿ (ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪಸ್ವಲ್ಪ ಕೊಟ್ಟು ದೇಹಕ್ಕೆ ಒಗ್ಗಿಸುವ) ಚುಚ್ಚುಮದ್ದಿಗೆ ಏನೇನು ಸೇರಿಸಬೇಕೆಂದು ಆರಿಸಲು. ಚರ್ಮದ ಪರೀಕ್ಷೆಗೆ ಮುಂಚೆ ಸ್ಟೀರಾಯ್ಡ್ ಎಷ್ಟು ದಿನ ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿಯೇ ದಿನ ಗೊತ್ತುಮಾಡಿ. ಜೊಲ್ಲು-ಕೂದಲಿನ ಕಿಟ್‌ಗೆ ಈ ಸಾಲಿನಲ್ಲಿ ಎಲ್ಲೂ ಜಾಗವಿಲ್ಲ. ಐದಕ್ಕೆ ಸೊನ್ನೆ, ಬಾಚಣಿಗೆಗೆ ನಾಲ್ಕೂವರೆ, ದಟ್ಟ ಉಣ್ಣೆಯಂಥ ಕೂದಲಿನ ನಾಯಿಗಳಲ್ಲಿ ಸಿಕ್ಕಿಕೊಂಡು ಎಳೆಯುತ್ತದೆಂದು ಅರ್ಧ ಕಡಿತ.