ಮೂರು ಮಳೆಗಾಲ ಕಂಡ ಫುಲ್ ಸಸ್ಪೆನ್ಷನ್ ಸೈಕಲ್: ಕೊಳ್ಳುವಾಗ ನಾನು ನೋಡದೆ ಬಿಟ್ಟದ್ದು

ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ, ಕಾಡುಗುಡ್ಡದ ದಾರಿಗೆಂದೇ ಮಾಡಿದ ಈ ಸೈಕಲ್ಲನ್ನು ನಾನು ಕೊಂಡದ್ದು 2022ರ ಡಿಸೆಂಬರಿನಲ್ಲಿ. ಅಂದಿನಿಂದ ಮೂರು ಮಳೆಗಾಲಗಳು ಕಳೆದಿವೆ. ತಪ್ಪಿಹೋದ ವಾರಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಸುಮಾರು 450 ಗಂಟೆ ಓಡಿಸಿದ್ದೇನೆ. ಅಲ್ಯೂಮಿನಿಯಂ ಫ್ರೇಮು, ಮುಂದಿನ ಫೋರ್ಕಿನಲ್ಲಿ 140 ಮಿ.ಮೀ. ಮತ್ತು ಹಿಂದೆ 130 ಮಿ.ಮೀ. ಕುಗ್ಗುವ ಸಸ್ಪೆನ್ಷನ್, 29 ಇಂಚಿನ ಚಕ್ರ, 12 ಗೇರಿನ ಶಿಮಾನೊ ಡಿಯೋರ್, ಪೆಡಲ್ ಸೇರಿ 14.9 ಕೆ.ಜಿ. ತೂಕ, ಆಗಿನ ಬೆಲೆ 2.85 ಲಕ್ಷ ರೂಪಾಯಿ. ಫ್ರೇಮ್ ಮಾಡಿದ ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಅಳತೆಯ, ಇದೇ ನಾಲ್ಕು ತೋಳುಗಳ ಹಿಂಭಾಗದ ಸೈಕಲ್ಲನ್ನು ಹಲವು ಕಂಪನಿಗಳು ಮಾಡುತ್ತವೆ, ಮತ್ತು ನಾನು ಮುಂದೆ ಹೇಳಲಿರುವ ತೊಂದರೆಗಳಲ್ಲಿ ಹೆಚ್ಚಿನವು ಆ ಜಾತಿಗೇ ಅಂಟಿಕೊಂಡು ಬಂದವು.

ಸವಾರಿ ನಡೆಯುವ ನೆಲವನ್ನು ಮೊದಲು ಹೇಳದಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ. ವಾರದ ನಡುವೆ ಮತ್ತು ಬಹುತೇಕ ಭಾನುವಾರಗಳಂದು ಬೆಂಗಳೂರಿನ ದಕ್ಷಿಣದ ತುರಹಳ್ಳಿ ಕಾಡಿನ ಬಂಡೆಗಳು ಮತ್ತು ಅದರ ಸುತ್ತಮುತ್ತಲಿನ ಮಣ್ಣುದಾರಿಗಳು, ಅದೂ ಅರಣ್ಯ ಇಲಾಖೆ ಬಿಡುವ ದಿನಗಳಲ್ಲಿ ಮಾತ್ರ. ತಿಂಗಳಿಗೊಮ್ಮೆ ಸಕಲೇಶಪುರದ ಆಚೆ ಇರುವ ಸೋದರಮಾವನ ಕಾಫಿ ತೋಟ ಮತ್ತು ಅದರ ನೆರೆಹೊರೆಯವರ ತೋಟಗಳ ಜೀಪು ದಾರಿ. ತುರಹಳ್ಳಿಯಲ್ಲಿ ಒಣ ಗ್ರಾನೈಟು, ಅದರ ಮೇಲೆ ಗೋಲಿಗಳಂತೆ ಉರುಳುವ ನೊರಜುಗಲ್ಲು, ಅಂಚಿನಲ್ಲಿ ಜಾಲಿ ಮುಳ್ಳು. ಮಲೆನಾಡಿನಲ್ಲಿ ಜಂಬಿಟ್ಟಿಗೆಯ ಮೆಟ್ಟಿಲುಗಳು, ಪಾಚಿ ಹತ್ತಿದ ಬೇರು, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಚಕ್ರಕ್ಕೆ ಮೆತ್ತಿಕೊಳ್ಳುವ ಕೆಂಪು ಜೇಡಿ. ಇಂಬಳದ ಮಾತು ಬೇಡ.

ಇದಕ್ಕೂ ಮುನ್ನ ಐದು ವರ್ಷ ನಾನು ಓಡಿಸಿದ್ದು ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್. ತುರಹಳ್ಳಿಗಷ್ಟೇ ಹೋಗುವವರಿಗೆ ಅದೇ ಸಾಕು ಎಂಬುದು ನನ್ನ ಅಭಿಪ್ರಾಯ, ಮತ್ತು ಎರಡೂ ಬಗೆಯವನ್ನು ಅಲ್ಲಿ ಓಡಿಸಿದ ಮೇಲೆ ಅದು ಗಟ್ಟಿಯಾಗಿದೆ. ಬಂಡೆಯ ಮೇಲೆ ಹಿಂದಿನ ಸಸ್ಪೆನ್ಷನ್ ಮೈನೋವನ್ನು ಕಡಿಮೆ ಮಾಡುತ್ತದೆಯೇ ಹೊರತು ಹೊಸ ದಾರಿಯನ್ನೇನೂ ತೆರೆಯುವುದಿಲ್ಲ. ತೋಟದ ಇಳಿಜಾರಿನ ಮಾತು ಬೇರೆ. ಒಂದರ ಹಿಂದೊಂದು ಬೇರು ಬರುವಲ್ಲಿ ಹಾರ್ಡ್‌ಟೇಲಿನ ಹಿಂಚಕ್ರ ಪ್ರತಿ ಬೇರಿಗೂ ನೆಲ ಬಿಟ್ಟು ಏಳುತ್ತದೆ, ನೆಲ ಬಿಟ್ಟ ಚಕ್ರಕ್ಕೆ ಹಾಕಿದ ಬ್ರೇಕು ಯಾವ ಕೆಲಸಕ್ಕೂ ಬಾರದು, ಹಾಗಾಗಿ ಸವಾರ ಇಳಿದು ತಳ್ಳುತ್ತಾನೆ. ನನ್ನನ್ನು ಫುಲ್ ಸಸ್ಪೆನ್ಷನ್ ಕಡೆಗೆ ಒಯ್ದದ್ದು ಈ ತಳ್ಳಾಟ.

ಕೊಳ್ಳುವ ಮೊದಲಿನ ಮೂರು ತಿಂಗಳು ನಾನು ಮಿಲಿಮೀಟರುಗಳನ್ನೇ ಓದುತ್ತಿದ್ದೆ. 120ರದ್ದು ಒಂದು, 130ರದ್ದು ಒಂದು, 160ರದ್ದು ಒಂದು ಎಂದು ಮೂರು ಸೈಕಲ್ ಪಟ್ಟಿಯಲ್ಲಿದ್ದವು. ಅಂಗಡಿಯ ಟೈಲ್ಸ್ ನೆಲದ ಮೇಲೆ ಸೀಟನ್ನು ಒತ್ತಿ ಕುಣಿಸಿ ನೋಡಿದಾಗ 160ರದ್ದು ಮೆತ್ತಗೆ, ಭವ್ಯವಾಗಿ ಕಂಡಿತು. ಹಾಗೆ ಕುಣಿಸಿ ನೋಡುವುದರಿಂದ ಏನೂ ತಿಳಿಯುವುದಿಲ್ಲ ಎಂಬುದು ಆಗ ಗೊತ್ತಿರಲಿಲ್ಲ. ಕೊನೆಗೆ ನಿರ್ಧಾರವಾದದ್ದು ಗೆಳೆಯರೊಬ್ಬರು ತಮ್ಮ 160ರ ಸೈಕಲ್ಲನ್ನು ಒಂದು ದಿನ ಕೊಟ್ಟದ್ದರಿಂದ. ಇಳಿಜಾರಿನಲ್ಲಿ ಅದು ಆನೆಯಂತೆ ನಡೆಯಿತು, ಆದರೆ ನಮ್ಮ ತೋಟದ ಇಳಿಜಾರು ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ, ಮತ್ತೆ ಹತ್ತಲು ಇಪ್ಪತ್ತೈದು ನಿಮಿಷ ಬೇಕು. ಲಿಫ್ಟು, ಕೇಬಲ್ ಕಾರು ಇರುವ ನಾಡಿನವರು ಇಳಿಯುವುದಕ್ಕೆಂದೇ ಸೈಕಲ್ ಕೊಳ್ಳಲಿ. ನಾವು ಹತ್ತಿದ್ದನ್ನಷ್ಟೇ ಇಳಿಯಬಲ್ಲೆವು. 130 ಎಂಬ ನಿರ್ಧಾರಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಅಳತೆಯ ವಿಷಯದಲ್ಲಿ ಒಂದೇ ಮಾತು. ಈ ಬಗೆಯ ಸೈಕಲ್ಲಿಗೆ ಸೀಟು ಕೊಳವೆಯ ಉದ್ದ ನೋಡಿ ಸೈಜು ಆರಿಸುವ ಹಳೆಯ ಕ್ರಮ ಉಪಯೋಗಕ್ಕೆ ಬಾರದು, ‘ರೀಚ್’ ನೋಡಬೇಕು, ಅಂದರೆ ಪೆಡಲುಗಳು ಸುತ್ತುವ ಅಚ್ಚಿನಿಂದ ಹ್ಯಾಂಡಲ್‌ಬಾರ್ ಕೂರುವ ಕೊಳವೆಯ ಮೇಲ್ತುದಿಯವರೆಗಿನ ಅಡ್ಡ ದೂರ. ನನ್ನ ಎತ್ತರ 172 ಸೆಂ.ಮೀ., ಸೈಕಲ್ಲಿನ ರೀಚ್ 455 ಮಿ.ಮೀ.; ಮೊದಲ ವಾರ ಉದ್ದವೆನಿಸಿತು, ನಿಂತು ಓಡಿಸುವುದು ರೂಢಿಯಾದ ಮೇಲೆ ಸರಿಹೋಯಿತು. ಸೀಟಿನ ಕೋನ 76.5 ಡಿಗ್ರಿ ಇರುವುದರಿಂದ ಕುಳಿತವರ ಭಾರ ಪೆಡಲುಗಳ ಮೇಲೆಯೇ ಬೀಳುತ್ತದೆ, ಕಡಿದಾದ ಏರಿನಲ್ಲಿ ಮುಂಚಕ್ರ ಮೇಲೇಳುವುದಿಲ್ಲ. ಹಳೆಯ ಸೈಕಲ್ಲಿನಲ್ಲಿ ಅದೇ ಏರಿಗೆ ಮೂಗನ್ನು ಹ್ಯಾಂಡಲ್‌ಬಾರಿಗೆ ತಾಗಿಸಿಕೊಂಡು ಹತ್ತುತ್ತಿದ್ದೆ. ಅತಿ ಚಿಕ್ಕ ಗೇರಿನಲ್ಲಿ ಮುಂದೆ 30 ಹಲ್ಲು, ಹಿಂದೆ 51. ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ ಸಾಗುವುದು ಸುಮಾರು 1.35 ಮೀಟರು. ನಡೆಯುವವರ ಎರಡು ಹೆಜ್ಜೆಯಷ್ಟೂ ಇಲ್ಲ, ಆದರೂ ಇಳಿದು ತಳ್ಳುವುದಕ್ಕಿಂತ ಇದೇ ಮೇಲು.

ಗಾಳಿ ತುಂಬುವ ಶಾಕ್ ಅಬ್ಸಾರ್ಬರನ್ನು ಅಂಗಡಿಯವರು ಕೊಟ್ಟಂತೆಯೇ ಓಡಿಸುವವರು ಬಹಳ. ನಾನೂ ಎರಡು ತಿಂಗಳು ಹಾಗೇ ಓಡಿಸಿ, ಇಷ್ಟು ದುಡ್ಡು ಕೊಟ್ಟು ಕಟ್ಟಿಗೆಯ ಸೈಕಲ್ ತಂದೆನೇ ಎಂದು ಕೊರಗಿದ್ದೆ. ಸವಾರ ಚೀಲ, ನೀರು ಸಮೇತ ಸುಮ್ಮನೆ ಕುಳಿತಾಗ ಶಾಕ್ ಎಷ್ಟು ಕುಗ್ಗುತ್ತದೆಯೋ ಅದನ್ನು ‘ಸ್ಯಾಗ್’ ಎನ್ನುತ್ತಾರೆ. ಹಿಂದಿನ ಶಾಕಿಗೆ ಅದು ಶೇ 25ರಿಂದ 30ರಷ್ಟು, ಮುಂದಿನ ಫೋರ್ಕಿಗೆ ಶೇ 15ರಿಂದ 20ರಷ್ಟು ಇರಬೇಕು. ನನ್ನ ಶಾಕಿನ ದಂಡ ಒಟ್ಟು 50 ಮಿ.ಮೀ. ಒಳಹೋಗುತ್ತದೆ, ಕುಳಿತಾಗ ರಬ್ಬರು ಉಂಗುರ 14 ಮಿ.ಮೀ. ಸರಿದರೆ ಶೇ 28 ಆಯಿತು. 74 ಕೆ.ಜಿ.ಯ ನನಗೆ ಅದಕ್ಕೆ 175 ಪಿಎಸ್‌ಐ ಬೇಕಾಯಿತು, ಅಂಗಡಿಯಲ್ಲಿ ತುಂಬಿಸಿದ್ದು 220. ಇದಕ್ಕೆ ಶಾಕ್ ಪಂಪು ಎಂಬ ಬೇರೆಯೇ ಪಂಪು ಬೇಕು. ಅರ್ಧ ತುಂಬಿದ ಮೇಲೆ ಒಮ್ಮೆ ನಿಲ್ಲಿಸಿ, ಸೀಟನ್ನು ಹತ್ತು ಬಾರಿ ನಿಧಾನವಾಗಿ ಒತ್ತಬೇಕು, ಆಗ ಒಳಗಿನ ಎರಡು ಕೋಣೆಗಳಲ್ಲಿ ಗಾಳಿ ಸಮನಾಗುತ್ತದೆ. ಇಷ್ಟು ಮಾಡಿದ ಮರುದಿನ ಅದು ಬೇರೆಯೇ ಸೈಕಲ್ಲಾಗಿತ್ತು.

ಸ್ಯಾಗಿನ ಜೊತೆಗೇ ಬರುವ ಒಂದು ಸಂಗತಿಯನ್ನು ಹಾರ್ಡ್‌ಟೇಲಿನಿಂದ ಬರುವವರು ಊಹಿಸಿರುವುದಿಲ್ಲ. ಸವಾರ ಕುಳಿತ ಕೂಡಲೇ ಪೆಡಲಿನ ಅಚ್ಚು ಮೂರು ಸೆಂ.ಮೀ.ನಷ್ಟು ಕೆಳಗಿಳಿಯುತ್ತದೆ, ಗುಂಡಿಗೆ ಬಿದ್ದಾಗ ಇನ್ನೂ ಕೆಳಗೆ. ತುರಹಳ್ಳಿಯ ಬಂಡೆಗಳ ನಡುವೆ ಮೊದಲ ತಿಂಗಳು ಪೆಡಲು ಎಷ್ಟು ಬಾರಿ ಕಲ್ಲಿಗೆ ಬಡಿಯಿತೆಂದರೆ ಹಿಂದೆ ಬರುತ್ತಿದ್ದವರು ಸದ್ದು ಕೇಳಿಯೇ ನಾನೆಂದು ಗುರುತಿಸುತ್ತಿದ್ದರು. ಒಮ್ಮೆ ಬಿದ್ದು ಮೊಣಕೈ ತರಚಿತು. 175 ಮಿ.ಮೀ.ನ ಕ್ರ್ಯಾಂಕ್ (ಪೆಡಲನ್ನು ಹಿಡಿದಿರುವ ತೋಳು) ತೆಗೆದು 165 ಮಿ.ಮೀ.ನದ್ದು ಹಾಕಿಸಿದ ಮೇಲೆ ಅದು ಮುಕ್ಕಾಲು ಪಾಲು ನಿಂತಿತು. ಈ ಒಂದು ಬದಲಾವಣೆಯನ್ನು ಕೊಳ್ಳುವ ದಿನವೇ ಮಾಡಿಸಿಕೊಳ್ಳಬಹುದಿತ್ತು.

ಈಗ ಬೇರಿಂಗುಗಳ ಕಥೆ, ಈ ವಿಮರ್ಶೆ ಬರೆಯಲು ಕಾರಣವಾದದ್ದೇ ಅದು. ಫುಲ್ ಸಸ್ಪೆನ್ಷನ್ ಫ್ರೇಮೆಂದರೆ ಕೀಲುಗಳಿರುವ ಫ್ರೇಮು. ನನ್ನದರಲ್ಲಿ ಹತ್ತು ಬೇರಿಂಗುಗಳಿವೆ. ಕೊಳ್ಳುವಾಗ ಅವುಗಳ ಬಗ್ಗೆ ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಚಕ್ರದ ಬೇರಿಂಗು ಸುತ್ತುತ್ತಲೇ ಇರುತ್ತದೆ, ಅದರೊಳಗಿನ ಗ್ರೀಸು ಎಲ್ಲ ಕಡೆಗೂ ಹರಡುತ್ತದೆ. ಕೀಲಿನ ಬೇರಿಂಗಾದರೋ ಕೆಲವೇ ಡಿಗ್ರಿಯಷ್ಟು ಹಿಂದೆಮುಂದೆ ಆಡುತ್ತದೆ. ಅದೇ ಗುಂಡುಗಳು ಅದೇ ಜಾಗದಲ್ಲಿ ಉಜ್ಜುತ್ತ ಅಲ್ಲಿಯ ಗ್ರೀಸನ್ನು ಪಕ್ಕಕ್ಕೆ ತಳ್ಳುತ್ತವೆ, ಆ ಜಾಗಕ್ಕೆ ನೀರು ಸೇರಿದರೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಮೊದಲ ಮಳೆಗಾಲ ಮುಗಿದು ಅಕ್ಟೋಬರ್ ಬರುವಷ್ಟರಲ್ಲಿ ಸೈಕಲ್ಲು ಹಳೆಯ ತೊಟ್ಟಿಲಿನಂತೆ ಕಿರಗುಡತೊಡಗಿತು. ಶಾಕನ್ನು ಬಿಚ್ಚಿ ಹಿಂಭಾಗವನ್ನು ಕೈಯಲ್ಲಿ ಎತ್ತಿದಾಗ ತೂಗಬೇಕಾದ ತೋಳು ಅರ್ಧದಲ್ಲಿ ನಿಂತುಕೊಂಡಿತು.

ತಪ್ಪಿನಲ್ಲಿ ನನ್ನ ಪಾಲೂ ಇದೆ. ತೋಟದಲ್ಲಿ ಕಾಳುಮೆಣಸಿಗೆ ಬೋರ್ಡೋ ದ್ರಾವಣ ಹೊಡೆಯುವ ಪವರ್ ಸ್ಪ್ರೇಯರ್ ಇತ್ತು. ಸವಾರಿ ಮುಗಿಸಿ ಬಂದು ಅದರ ಗನ್ನಿನಿಂದ ಎರಡು ನಿಮಿಷದಲ್ಲಿ ಸೈಕಲ್ಲಿನ ಕೆಸರು ತೊಳೆದು, ಎಷ್ಟು ಚೆನ್ನಾಗಿ ಹೋಗುತ್ತದೆಂದು ಹಿಗ್ಗುತ್ತಿದ್ದೆ. ಆ ಒತ್ತಡದ ನೀರು ಸೀಲುಗಳನ್ನು ದಾಟಿ ಬೇರಿಂಗಿನೊಳಕ್ಕೇ ಹೋಗುತ್ತಿತ್ತು. ಈಗ ಬಕೆಟ್ಟು, ಹಳೆಯ ಬ್ರಷ್ಷು, ಸಣ್ಣ ಧಾರೆ, ಇಪ್ಪತ್ತು ನಿಮಿಷ.

ರಿಪೇರಿಗೆ ಹೋದ ಅಂಗಡಿಯಲ್ಲಿ ಕಂಪನಿಯ ಬೇರಿಂಗ್ ಕಿಟ್ ತರಿಸಲು ಆರು ವಾರ, ಬೆಲೆ 9,000 ರೂಪಾಯಿ ಎಂದರು. ಬಿಚ್ಚಿದ ಬೇರಿಂಗಿನ ಅಂಚಿನಲ್ಲಿ 6902 ಎಂದು ಕೆತ್ತಿರುವುದು ಕಂಡಿತು. ಅದು ಒಳವ್ಯಾಸ 15, ಹೊರವ್ಯಾಸ 28, ಅಗಲ 7 ಮಿ.ಮೀ.ನ, ಜಗತ್ತಿನೆಲ್ಲೆಡೆ ಒಂದೇ ಅಳತೆಯಲ್ಲಿ ಸಿಗುವ ಬೇರಿಂಗಿನ ಸಂಖ್ಯೆ. ಜೆ.ಸಿ. ರಸ್ತೆಯ ಬೇರಿಂಗ್ ಅಂಗಡಿಯವರು ಸಂಖ್ಯೆ ಕೇಳಿ ಕಪಾಟಿನಿಂದ ತೆಗೆದುಕೊಟ್ಟರು. ವ್ಯತ್ಯಾಸವೊಂದಿದೆ, ಅದನ್ನು ಮರೆಮಾಚಬಾರದು. ಸೈಕಲ್ ಕೀಲುಗಳಿಗೆಂದೇ ಮಾಡಿದ ‘ಮ್ಯಾಕ್ಸ್’ ಬಗೆಯ ಬೇರಿಂಗಿನಲ್ಲಿ ಗುಂಡುಗಳನ್ನು ಬಿಡಿಬಿಡಿಯಾಗಿಡುವ ಪಂಜರವಿರುವುದಿಲ್ಲ, ಆ ಜಾಗದಲ್ಲೂ ಗುಂಡುಗಳನ್ನೇ ತುಂಬಿರುತ್ತಾರೆ, ಹಾಗಾಗಿ ಅದು ಹೆಚ್ಚು ಭಾರ ತಡೆಯುತ್ತದೆ. ನಾನು ಸಾಧಾರಣ ಬಗೆಯದನ್ನೇ ಹಾಕಿದೆ, ಹಾಕುವ ಮೊದಲು ಸೀಲನ್ನು ಸೂಜಿಯಿಂದ ಎಬ್ಬಿಸಿ ಗ್ರೀಸನ್ನು ಭರ್ತಿ ತುಂಬಿದೆ. ಒಂದು ಥ್ರೆಡ್ ರಾಡು, ಎರಡು ನಟ್ಟು, ಅಳತೆಯ ಸಾಕೆಟ್ಟುಗಳು ಇದ್ದರೆ ಒತ್ತಿ ಕೂರಿಸಬಹುದು. ಸುತ್ತಿಗೆ ಮಾತ್ರ ಬೇಡವೇ ಬೇಡ. ಹತ್ತೂ ಸೇರಿ ಖರ್ಚು 2,000 ರೂಪಾಯಿ ದಾಟಲಿಲ್ಲ, ಮತ್ತು ಅವು ಎರಡು ಮಳೆಗಾಲ ಬಾಳಿದವು. ಹಾಗಾಗಿ ಈಗ ಯಾರಾದರೂ ಯಾವ ಫ್ರೇಮ್ ಕೊಳ್ಳಲಿ ಎಂದು ಕೇಳಿದರೆ, ಕೀಲಿನ ಬೇರಿಂಗುಗಳು ಈ ಸಾಮಾನ್ಯ ಸಂಖ್ಯೆಗಳವೇ, ಪೆಡಲಿನ ಅಚ್ಚು ಥ್ರೆಡ್ಡಿನಿಂದ ತಿರುಗಿಸಿ ಕೂರಿಸುವಂಥದ್ದೇ ಎಂದು ಮೊದಲು ವಿಚಾರಿಸಿ ಎನ್ನುತ್ತೇನೆ. ಕಾರ್ಬನ್ನೋ ಅಲ್ಯೂಮಿನಿಯಮ್ಮೋ ಎಂಬ ಚರ್ಚೆ ಆಮೇಲಿನದು.

ಫೋರ್ಕು ಮತ್ತು ಶಾಕಿನ ಎಣ್ಣೆ ಬದಲಾವಣೆಯದ್ದು ಇನ್ನೊಂದು ನಿತ್ಯದ ಲೆಕ್ಕ. ಫೋರ್ಕು, ಶಾಕು ತಯಾರಿಸುವ ಕಂಪನಿಗಳಲ್ಲಿ ರಾಕ್‌ಶಾಕ್ಸ್‌ನವರು ಫೋರ್ಕಿನ ಕೆಳಗಾಲುಗಳ ಎಣ್ಣೆ, ಸ್ಪಂಜುಗಳನ್ನು 50 ಗಂಟೆಗೊಮ್ಮೆ ನೋಡಿಕೊಳ್ಳಿ ಎನ್ನುತ್ತಾರೆ; ಫಾಕ್ಸ್‌ನವರು ಪೂರ್ಣ ಸರ್ವಿಸನ್ನು 125 ಗಂಟೆಗೆ ಅಥವಾ ವರ್ಷಕ್ಕೊಮ್ಮೆ ಮಾಡಿಸಿ ಎನ್ನುತ್ತಾರೆ. ವಾರಕ್ಕೆ ನಾಲ್ಕು ಗಂಟೆ ಓಡಿಸುವವರಿಗೆ 50 ಗಂಟೆಯೆಂದರೆ ಮೂರೇ ತಿಂಗಳು. ನನ್ನ 450 ಗಂಟೆಗೆ ಒಂಬತ್ತು ಬಾರಿ ಆಗಬೇಕಿತ್ತು, ಆರು ಬಾರಿ ಆಗಿದೆ. ಮೊದಲೆರಡನ್ನು ಅಂಗಡಿಯಲ್ಲಿ ಮಾಡಿಸಿದೆ. ಎರಡನೆಯ ಬಾರಿ ಸೀಲಿಗಾಗಿ ಮೂರು ವಾರ ಕಾದು, ಆ ಋತುವಿನ ಒಳ್ಳೆಯ ಭಾನುವಾರಗಳನ್ನೆಲ್ಲ ಕಳೆದುಕೊಂಡ ಮೇಲೆ ಮನೆಯಲ್ಲೇ ಕಲಿತೆ. ಕೆಳಗಾಲುಗಳ ಕೆಲಸ ಕಷ್ಟವಲ್ಲ, ಒಂದು ಸಂಜೆಯದು. ಹಿಂದಿನ ಶಾಕಿನ ಒಳಗೆ ಅದರ ಕುಣಿತವನ್ನು ತಡೆಯುವ ಡ್ಯಾಂಪರಿಗೆ ಮಾತ್ರ ಕೈಹಾಕುವುದಿಲ್ಲ.

ಬ್ರೇಕಿನಲ್ಲಿ ಮಿನರಲ್ ಆಯಿಲ್ ಇರುವುದನ್ನು ಆರಿಸಿದ್ದು ಸರಿಯಾಯಿತು. ಇನ್ನೊಂದು ಬಗೆಯ ಬ್ರೇಕುಗಳಲ್ಲಿರುವ ಡಾಟ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಲೆನಾಡಿನ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಆದರೆ ಸೈಕಲ್ಲಿನೊಡನೆ ಬಂದ ರೆಸಿನ್ ಪ್ಯಾಡುಗಳು ಜುಲೈ ತಿಂಗಳ ಒಂದೇ ಶನಿವಾರ-ಭಾನುವಾರದಲ್ಲಿ, ಮರಳು ಬೆರೆತ ಕೆಸರಿನಲ್ಲಿ, ತಗಡಿನವರೆಗೆ ಸವೆದುಹೋದವು. ಮಳೆಗಾಲಕ್ಕೆ ಲೋಹದ ಪ್ಯಾಡು, ಬೇಸಿಗೆಗೆ ರೆಸಿನ್ ಎಂದು ಬದಲಾಯಿಸಿಕೊಳ್ಳುತ್ತೇನೆ. ಟೈರು ಮುಂದೆ ಮ್ಯಾಕ್ಸಿಸ್ ಮಿನಿಯನ್ ಡಿಎಚ್‌ಎಫ್, 2.5 ಇಂಚಿನದು, ಒಣ ನೊರಜಿನಲ್ಲಿಯೂ ಒದ್ದೆ ಬೇರಿನಲ್ಲಿಯೂ ಇಷ್ಟು ನಂಬಿಕೆ ಕೊಟ್ಟ ವಸ್ತು ಈ ಸೈಕಲ್ಲಿನಲ್ಲಿ ಇನ್ನೊಂದಿಲ್ಲ. ಜಾಲಿ ಮುಳ್ಳಿಗೆ ಟ್ಯೂಬ್‌ಲೆಸ್ ಒಂದೇ ಮದ್ದು, ಬೇಸಿಗೆಯಲ್ಲಿ ಒಳಗಿನ ಸೀಲೆಂಟ್ (ತೂತು ಮುಚ್ಚುವ ದ್ರವ) ಎರಡು ತಿಂಗಳಿಗೇ ಒಣಗುವುದನ್ನು ನೆನಪಿಟ್ಟರೆ ಆಯಿತು. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಡಿರೈಲರನ್ನು ಹಿಡಿದಿರುವ ಹ್ಯಾಂಗರು ಎರಡು ಬಾರಿ ಬಾಗಿದೆ. ಸ್ರಾಮ್ ಕಂಪನಿ 2019ರಲ್ಲಿ ತಂದ, ಈಗ ಬಹಳ ಕಂಪನಿಗಳು ಬಳಸುವ ಯೂನಿವರ್ಸಲ್ ಹ್ಯಾಂಗರೇ ನನ್ನ ಫ್ರೇಮಿಗೂ ಇರುವುದರಿಂದ ಒಂದು ಹೆಚ್ಚುವರಿ ಹ್ಯಾಂಗರು ಚೀಲದಲ್ಲೇ ಇರುತ್ತದೆ. ಸೀಟನ್ನು ಏರಿಳಿಸುವ ಡ್ರಾಪರಿನ ಕೇಬಲ್ಲು ಪ್ರತಿ ಸೆಪ್ಟೆಂಬರಿನಲ್ಲೂ ಕೆಸರು ಕಟ್ಟಿ ಹಟ ಹಿಡಿಯುತ್ತದೆ, ಬದಲಾಯಿಸುತ್ತೇನೆ.

ಮೂರು ವರ್ಷಗಳಲ್ಲಿ ಸರ್ವಿಸು, ಟೈರು, ಪ್ಯಾಡು, ನಾಲ್ಕು ಚೈನು, ಒಂದು ಕ್ಯಾಸೆಟ್ಟು (ಹಿಂಚಕ್ರದ ಹಲ್ಲುಗಾಲಿಗಳ ಗೊಂಚಲು) ಎಲ್ಲ ಸೇರಿ 64,000 ರೂಪಾಯಿ ಖರ್ಚಾಗಿದೆ. ಹಾರ್ಡ್‌ಟೇಲಿಗೆ ಐದು ವರ್ಷಕ್ಕೆ ಇದರ ಅರ್ಧವೂ ಆಗಿರಲಿಲ್ಲ. ನಾನು ಕೊಂಡ ಎರಡು ತಿಂಗಳಿಗೆ, 2023ರ ಬಜೆಟ್ಟಿನಲ್ಲಿ, ಸೈಕಲ್ಲುಗಳ ಆಮದು ಸುಂಕ ಶೇ 30ರಿಂದ 35ಕ್ಕೆ ಏರಿತು. 2025ರ ಸೆಪ್ಟೆಂಬರಿನಲ್ಲಿ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಈಗ ಕೊಳ್ಳುವವರು ಆ ಉಳಿತಾಯದಲ್ಲಿ ಒಂದು ಮೆಟ್ಟಿಲು ಮೇಲಿನ ಮಾಡೆಲ್ಲಿಗೆ ಹೋಗುವ ಬದಲು ಒಂದು ಶಾಕ್ ಪಂಪು, ಫೋರ್ಕಿಗೆ ಎರಡು ಸೀಲ್ ಕಿಟ್ಟು ಮತ್ತು 165ರ ಕ್ರ್ಯಾಂಕನ್ನು ಅದೇ ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಮೇಲು. ನನ್ನ ಸೈಕಲ್ಲು ಈ ವಾರ ಮತ್ತೆ ಕಿರಗುಡತೊಡಗಿದೆ, ಈ ಬಾರಿ ಸದ್ದು ಶಾಕಿನ ಮೇಲಿನ ಕೀಲಿನದ್ದು. ಬೇರಿಂಗಿನ ಸಂಖ್ಯೆ ಬರೆದಿಟ್ಟುಕೊಂಡಿದ್ದೇನೆ.