ಆಗುಂಬೆಯೋ ಹುಲಿಕಲ್ಲೋ: ಕುಂದಾಪುರಕ್ಕೆ ಇಳಿಯುವ ಎರಡು ದಾರಿ

ತಂಗಿಯನ್ನು ಕುಂದಾಪುರಕ್ಕೆ ಕೊಟ್ಟ ಮೇಲೆ ತೀರ್ಥಹಳ್ಳಿಯಿಂದ ಘಟ್ಟ ಇಳಿಯುವುದು ನಮಗೆ ವರ್ಷಕ್ಕೆ ಐದಾರು ಸಲದ ಪಾಡು. ಬೈಕು, ಬಸ್ಸು, ಕಾರು ಮೂರರಲ್ಲೂ ಎರಡೂ ದಾರಿ ಹಿಡಿದಿದ್ದೇನೆ.

ಆಗುಂಬೆಯದು ಈಗ ರಾಷ್ಟ್ರೀಯ ಹೆದ್ದಾರಿ 169ಎ. ಘಾಟಿ ಮಾತ್ರ ಹಿಂದಿನಂತೆಯೇ ಇಕ್ಕಟ್ಟು. 14 ಹೇರ್‌ಪಿನ್ ತಿರುವು, ಒಂದು ಮುಗಿಯುವುದರೊಳಗೆ ಇನ್ನೊಂದು. ಭಾರೀ ವಾಹನಕ್ಕೆ ಬಿಡುವುದಿಲ್ಲ, ಬಸ್ಸೆಂದರೆ ಮಿನಿ ಬಸ್ಸೇ. ನಾಲ್ಕನೇ ತಿರುವಿಗೆ ಅಮ್ಮನಿಗೆ ಹೊಟ್ಟೆ ತೊಳಸಲು ಶುರು. ಒಬ್ಬನೇ ಬೈಕಿನಲ್ಲಿದ್ದರೆ, ಅದೂ ಮಳೆಗಾಲ ಕಳೆದ ತಿಳಿ ಸಂಜೆಯಾದರೆ, ನಾನು ಈ ದಾರಿಯನ್ನೇ ಹಿಡಿಯುತ್ತೇನೆ. ಸೂರ್ಯ ಅಷ್ಟು ದೂರದ ಕಡಲಿಗೆ ಇಳಿಯುವುದನ್ನು ನೋಡಿ ಸೋಮೇಶ್ವರಕ್ಕೆ ಇಳಿದರೆ ದಣಿವೇ ಇರುವುದಿಲ್ಲ. ಉಡುಪಿಗೆ ಹೋಗುವವರಿಗೂ ಇದೇ ಸರಿ.

ಕುಂದಾಪುರಕ್ಕಾದರೆ ನನ್ನ ಆಯ್ಕೆ ರಾಜ್ಯ ಹೆದ್ದಾರಿ 52. ಯಡೂರು, ಮಾಸ್ತಿಕಟ್ಟೆ, ಹುಲಿಕಲ್, ಅಲ್ಲಿಂದ ಬಾಳೆಬರೆ ಘಾಟಿ ಇಳಿದು ಹೊಸಂಗಡಿ, ಸಿದ್ದಾಪುರ. ಬಸ್ಸು, ಲಾರಿಗಳೆಲ್ಲ ಓಡುವುದು ಇಲ್ಲೇ. ಘಾಟಿಯ ಚಂಡಿಕಾಂಬೆಯ ಗುಡಿಯೆದುರು ಗಾಡಿ ನಿಲ್ಲಿಸಿ ಕೈಮುಗಿಯದೆ ಚಾಲಕರು ಮುಂದೆ ಹೋಗುವುದು ಅಪರೂಪ.

ಆಗುಂಬೆ ಮುಚ್ಚಿದಾಗಿನ ಬದಲಿ ದಾರಿ ಎಂದಷ್ಟೇ ಜನ ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಬಿದನೂರು, ಅಂದರೆ ಇಂದಿನ ನಗರ, ಕೆಳದಿ ಅರಸರ ರಾಜಧಾನಿಯಾಗಿದ್ದಾಗ ಅವರ ದೊಡ್ಡ ಬಂದರು ಕುಂದಾಪುರದ ಪಕ್ಕದ ಬಸರೂರು. ಎರಡರ ನಡುವೆ ನಿಂತಿರುವುದು ಹೊಸಂಗಡಿಗೆ ಇಳಿಯುವ ಇದೇ ಬಾಳೆಬರೆ ಘಟ್ಟ. 1763ರಲ್ಲಿ ಹೈದರಾಲಿ ಬಿದನೂರು ಗೆದ್ದ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೈನ್ಯ ಕರಾವಳಿಯಿಂದ ಈ ಘಟ್ಟವನ್ನೇ ಹತ್ತಿ ಹೋಗಿ ಬಿದನೂರು ಹಿಡಿಯಿತು. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಪಡೆದ. ಇಂದು ಮೇಲಿನ ಮಾಣಿ ಅಣೆಕಟ್ಟಿನ ನೀರು ಬೆಟ್ಟದೊಳಗೇ ಇಳಿದು ಹೊಸಂಗಡಿಯ ನೆಲದಡಿಯ ವಾರಾಹಿ ವಿದ್ಯುದಾಗಾರದಲ್ಲಿ 460 ಮೆಗಾವಾಟ್‌ವರೆಗೆ ವಿದ್ಯುತ್ ಕೊಡುತ್ತದೆ.

ಮಳೆಯಲ್ಲಿ ಎರಡೂ ಕಷ್ಟವೇ. ಆಗುಂಬೆ ಹೆಸರಾಗಿರುವುದೇ ಮಳೆಗೆ, ಹುಲಿಕಲ್ ಅದಕ್ಕೇನೂ ಕಡಿಮೆಯಿಲ್ಲ, ಕೆಲವು ವರ್ಷ ಅದನ್ನೂ ಮೀರಿಸುತ್ತದೆ. ಆಷಾಢದಲ್ಲೊಮ್ಮೆ ಬಾಳೆಬರೆಯಲ್ಲಿ ಧರೆ ಕುಸಿದು ನಾವು ಎರಡು ಗಂಟೆ ಮಂಜಿನೊಳಗೆ ಕಾದಿದ್ದೇವೆ. ಈಗ ಹೊರಡುವ ಮೊದಲು ಹೊಸಂಗಡಿ ಕಡೆಯವರಿಗೆ ಫೋನು ಮಾಡಿ ಕೇಳಿಕೊಳ್ಳುತ್ತೇನೆ.

ಕಳೆದ ಸಲ ಅಮ್ಮನನ್ನು ಕರೆದೊಯ್ದದ್ದು ಹುಲಿಕಲ್ ಮೇಲೆಯೇ. ಹಿಂದಿನ ಸೀಟಿನಲ್ಲಿ ಮಲಗಿದವಳು ಎದ್ದದ್ದು ಸಿದ್ದಾಪುರದಲ್ಲಿ.